ಸಿಳ್ಳೆ ಮಾಮನ ಮೇಲೆ ನಲವತ್ತೊಂದು ದೂರು

ನನ್ನ ಅಪ್ಪನ ಮೇಲೆ ನಗರಸಭೆಗೆ ನಲವತ್ತೊಂದು ದೂರು ಹೋಗಿದ್ದವು. ಒಂದೇ ದಿನ, ಒಂದೇ ಹೊತ್ತಿನಲ್ಲಿ, ಒಂದೇ ಕೋಣೆಯಲ್ಲಿ ಕೂತು ಬರೆದದ್ದು. ಅದರಲ್ಲಿ ನಲವತ್ತು ಅಪ್ಪಟ ಸುಳ್ಳು. ಒಂದು ನಿಜ. ಆ ನಿಜ ಬರೆದವಳು ನಾನು. ಕೊನೆಯವರೆಗೂ ಮುಚ್ಚಿಟ್ಟು ಆಮೇಲೆ ಗಂಟು ಬಿಚ್ಚುವ ಚಾಳಿ ನನಗಿಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ. ಮುಚ್ಚಿಟ್ಟದ್ದು ಸಾಕಾಗಿದೆ.

ಅಪ್ಪನ ಹುದ್ದೆಯ ಹೆಸರು ಒಂದು ಮಾರುದ್ದ ಇತ್ತು. ನಗರಸಭೆ ಯುವಜನರ ಬಿಡುವಿನ ವೇಳೆಯ ಚಟುವಟಿಕೆ ಕೇಂದ್ರದ ಮೇಲ್ವಿಚಾರಕ. ಕೆಲಸ ಮಾತ್ರ ಬೀಗ ತೆಗೆಯುವುದು, ಕಸ ಗುಡಿಸುವುದು, ಚೆಂಡಿಗೆ ಗಾಳಿ ಹೊಡೆಯುವುದು, ಜಗಳ ಬಿಡಿಸುವುದು, ಮತ್ತೆ ಬೀಗ ಹಾಕುವುದು. ಆ ಕಟ್ಟಡ ಮೊದಲು ಊರಿಗೆ ನೀರು ಬಿಡುವ ಪಂಪ್‌ಹೌಸ್ ಆಗಿತ್ತು, ಅಪ್ಪ ಅಲ್ಲಿ ಸಹಾಯಕ. ಹೊಸ ಪಂಪು ಬೇರೆ ಕಡೆ ಬಂದಾಗ ಹಳೆಯದನ್ನು ಕಿತ್ತುಕೊಂಡು ಹೋದರು. ಕಟ್ಟಡ ಉಳಿಯಿತು, ಅಪ್ಪನೂ ಉಳಿದ. ಇಬ್ಬರನ್ನೂ ಏನು ಮಾಡುವುದೆಂದು ತೋಚದೆ ಹುಡುಗರ ಕೇಂದ್ರ ಎಂದು ಬೋರ್ಡು ಬರೆಸಿ ಹಾಕಿದರು. ವಾಲ್ವ್ ತೆಗೆಯುವಾಗ ಊದುತ್ತಿದ್ದ ಸಿಳ್ಳೆ ಅಪ್ಪನ ಕೊರಳಲ್ಲೇ ಇತ್ತು. ಮಕ್ಕಳು ಸಿಳ್ಳೆ ಮಾಮ ಎಂದು ಕರೆದರು.

ಒಳಗೆ ಅಂಥ ವೈಭೋಗವೇನೂ ಇರಲಿಲ್ಲ. ಒಂದು ಟೇಬಲ್ ಟೆನಿಸ್ ಮೇಜು, ಅದರ ನಾಲ್ಕನೆಯ ಕಾಲಿನ ಜಾಗದಲ್ಲಿ ಇಟ್ಟಿಗೆ. ಎರಡು ಕೇರಂ ಬೋರ್ಡು. ನಾಲ್ಕೇ ತಂತಿ ಉಳಿದಿದ್ದ ಗಿಟಾರು. ಹೊರಗೆ ಅಂಗಳದಲ್ಲಿ ಉದ್ದ ಜಿಗಿತಕ್ಕೆ ಅಪ್ಪನೇ ತೋಡಿ ಮರಳು ತುಂಬಿದ ಗುಂಡಿ. ಗೋಡೆಯಲ್ಲಿ ಪೈಪು ಹೋಗಿದ್ದ ತೂತುಗಳು ಹಾಗೇ ಇದ್ದವು, ಮಳೆ ಬಂದರೆ ಅವುಗಳಿಗೆ ಹಳೆಯ ಚಿಂದಿ ತುರುಕುವುದು ನಮ್ಮೆಲ್ಲರ ಕೆಲಸ. ಹನ್ನೆರಡರಿಂದ ಹದಿನೆಂಟರವರೆಗಿನ ಮಕ್ಕಳು ದಿನಾ ಸಂಜೆ ನಾಲ್ಕಕ್ಕೆ ಬಂದು ಸೇರುತ್ತಿದ್ದರು. ಬೇರೆ ಎಲ್ಲಿಗೆ ಹೋದರೂ ಯಾರಾದರೊಬ್ಬರು ಓಡಿಸುವವರು ಇದ್ದರು, ಇಲ್ಲಿ ಇರಲಿಲ್ಲ.

ಶುರುವಿನಲ್ಲಿ ಒಬ್ಬ ಹುಡುಗ ಬ್ಲೇಡಿನಿಂದ ಟೇಬಲ್ ಟೆನಿಸ್ಸಿನ ಬಲೆ ಕುಯ್ದುಹಾಕಿದ್ದನಂತೆ. ಅಪ್ಪ ಹೊಡೆಯಲಿಲ್ಲ. ಬಿಸ್ಕತ್ತಿನ ಖಾಲಿ ಡಬ್ಬ, ಒಂದು ಚೀಟಿ, ಒಂದು ಪೆನ್ಸಿಲು ಮುಂದಿಟ್ಟು, "ನನ್ನ ಮೇಲೆ ಏನು ಸಿಟ್ಟಿದೆಯೋ ಬರಿ. ಹೆಸರು ಹಾಕಬೇಡ" ಎಂದ. ಹುಡುಗ ಬರೆದ: "ಕೊರಳಿಗೆ ಸಿಳ್ಳೆ ಕಟ್ಕೊಂಡವರೆಲ್ಲ ರಾಜರಾಗಲ್ಲ." ಅಪ್ಪ ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದ, ಹೊಟ್ಟೆ ಹಿಡಿದುಕೊಂಡು ನಕ್ಕ, ತಪ್ಪಾಯಿತು ಎಂದು ಹಾಲ್ ಸುತ್ತ ಒಂಟಿ ಕಾಲಿನಲ್ಲಿ ಕುಂಟುತ್ತ ಒಂದು ಸುತ್ತು ಹೊಡೆದ.

ಅಲ್ಲಿಂದ ಹದಿನಾಲ್ಕು ವರ್ಷ, ಪ್ರತಿ ಶನಿವಾರ, ದೂರಿನ ಡಬ್ಬ. ಅಪ್ಪನನ್ನೇ ದೂರಬೇಕು, ಹೆಸರು ಹಾಕಬಾರದು, ಸುಳ್ಳಾದರೂ ಚಿಂತೆಯಿಲ್ಲ, ಆದರೆ ಸಣ್ಣ ಸುಳ್ಳು ನಡೆಯುವುದಿಲ್ಲ. "ಸಿಳ್ಳೆ ಮಾಮ ಸೋತರೆ ಚೆಂಡಿಗೆ ಜ್ವರ ಬಂದಿದೆ ಅಂತಾರೆ." "ಇವರ ಹಾಡು ಕೇಳಿ ಒಂದು ಹಲ್ಲಿ ಗೋಡೆಯಿಂದ ಬಿದ್ದು ಸತ್ತಿದೆ, ಅದರ ಸಂಸಾರಕ್ಕೆ ಪರಿಹಾರ ಕೊಡಿಸಬೇಕು." ಹಲ್ಲಿಯ ದೂರು ಕೊಟ್ಟವನಿಗೆ ಹಲ್ಲಿ ಎಂದೇ ಹೆಸರು ನಿಂತಿತು. ಹೆಸರು ಹಾಕದಿದ್ದರೇನು, ಅವನ ನಗುವೇ ಹೇಳುತ್ತಿತ್ತು. ವಾರದ ಒಳ್ಳೆಯ ದೂರು ಯಾವುದೆಂದು ಚಪ್ಪಾಳೆಯಲ್ಲಿ ತೀರ್ಮಾನವಾದ ಮೇಲೆ ಅಪ್ಪ ಕುಂಟಬೇಕು. ಮನೆಯಲ್ಲಿ, ಶಾಲೆಯಲ್ಲಿ, ಬೀದಿಯಲ್ಲಿ ಬೈಸಿಕೊಂಡೇ ಬೆಳೆದ ಮಕ್ಕಳಿಗೆ ಒಬ್ಬ ದೊಡ್ಡವನನ್ನು ಬೈದು ದಕ್ಕಿಸಿಕೊಳ್ಳುವ ಜಾಗ ಅದೊಂದೇ.

ಆ ಸುಳ್ಳುಗಳ ನಡುವೆ ಆಗೊಮ್ಮೆ ಈಗೊಮ್ಮೆ ಒಂದು ನಿಜ ಬರುತ್ತಿತ್ತು. ಅದನ್ನು ಅಪ್ಪ ಗಟ್ಟಿಯಾಗಿ ಓದುತ್ತಿರಲಿಲ್ಲ. ನಾಲ್ಕು ಮಡಿಕೆ ಮಾಡಿ ಶರ್ಟಿನ ಜೇಬಿಗೆ ಹಾಕಿಕೊಂಡು ಮುಂದಿನ ಚೀಟಿ ತೆಗೆಯುತ್ತಿದ್ದ. ಯಾರು, ಏನು ಎಂದು ಅವನೂ ಕೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಒಮ್ಮೆ ಅಮ್ಮ ಬಟ್ಟೆ ನೆನೆಸುವ ಮುಂಚೆ ಜೇಬು ತಡಕಿದಾಗ ಒಂದು ಚೀಟಿ ಸಿಕ್ಕಿತು, ನಾನು ಕದ್ದು ಓದಿದೆ. "ಎಂಟು ಗಂಟೆಗೇ ಬಾಗಿಲು ಹಾಕ್ತಾರೆ. ನಮ್ಮಪ್ಪ ಮಲಗೋದು ಒಂಬತ್ತಕ್ಕೆ. ಅಲ್ಲಿವರೆಗೆ ಹೊಡೀತಾರೆ." ಮುಂದಿನ ಸೋಮವಾರದಿಂದ ಕೇಂದ್ರ ಒಂಬತ್ತೂವರೆವರೆಗೆ ತೆರೆದಿರುತ್ತದೆ ಎಂದು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು. ಯಾಕೆಂದು ಒಂದು ಮಾತಿಲ್ಲ. ನಿಜದ ಚೀಟಿಗೆ ಅಪ್ಪ ಬಾಯಲ್ಲಿ ಉತ್ತರ ಕೊಟ್ಟವನೇ ಅಲ್ಲ. ಏನಾದರೂ ಮಾಡಿ ಸುಮ್ಮನಿರುತ್ತಿದ್ದ.

ಆ ಒಂದೂವರೆ ಗಂಟೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ನಮ್ಮ ಮನೆಯಿಂದ ಬಂತು. ಅಮ್ಮ ಪರದೆ ಹೊಲಿಯುವ ಅಂಗಡಿಯಿಂದ ಬಂದು, ತಟ್ಟೆ ಮುಚ್ಚಿಟ್ಟು, "ನಿಮ್ಮಪ್ಪ ನನ್ನ ಬದಲು ಆ ಪಂಪ್‌ಹೌಸನ್ನೇ ಕಟ್ಕೊಂಡಿದ್ರೆ ಆಗಿರೋದು. ಅದಕ್ಕೆ ಅಡುಗೆ ಮಾಡೋ ರಗಳೆಯೂ ಇರ್ತಿರ್ಲಿಲ್ಲ" ಎನ್ನುತ್ತಿದ್ದಳು. ಅವಳು ನಗುತ್ತ ಹೇಳುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ನಾನೂ ದಿನಾ ಕೇಂದ್ರಕ್ಕೆ ಹೋಗುತ್ತಿದ್ದೆ, ಆದರೆ ಅಲ್ಲಿ ನನಗೆ ಅಪ್ಪ ಇರಲಿಲ್ಲ. ಹನ್ನೆರಡು ತುಂಬಿದ ದಿನ ಬಾಗಿಲಲ್ಲೇ ನಿಲ್ಲಿಸಿ ಹೇಳಿದ್ದ. "ಪುಟ್ಟಿ, ಈ ಹೊಸ್ತಿಲು ದಾಟಿದ್ಮೇಲೆ ನೀನು ನನ್ನ ಮಗಳಲ್ಲ. ಒಳಗಿರೋ ಮಕ್ಕಳಲ್ಲಿ ಅರ್ಧಕ್ಕರ್ಧ ಅಪ್ಪ ಇದ್ದೂ ಇಲ್ಲದೋರು. ಅವರ ಮುಂದೆ ಅಪ್ಪ ಅಂತ ಕರೀಬೇಡ, ಆಯ್ತಾ?" ನಾನೂ ಸಿಳ್ಳೆ ಮಾಮ ಎಂದೇ ಕರೆದೆ. ಮೊದಮೊದಲು ಅದೂ ಒಂದು ಆಟವಾಗಿತ್ತು. ಆಮೇಲೆ ನೋಡಿದರೆ ತಂಡ ಆರಿಸುವಾಗ ನನ್ನ ಹೆಸರು ಕೊನೆಗೆ. ನಾನು ಬಿದ್ದರೆ "ಏಳು, ಏಳು" ಎನ್ನುತ್ತಿದ್ದ, ಬೇರೆಯವರು ಬಿದ್ದರೆ ಓಡಿಹೋಗುತ್ತಿದ್ದ. ಪಕ್ಷಪಾತ ಮಾಡಬಾರದು ಎಂದು ಆ ಪುಣ್ಯಾತ್ಮ ನನ್ನೊಬ್ಬಳ ವಿರುದ್ಧವೇ ಪಕ್ಷಪಾತ ಮಾಡುತ್ತಿದ್ದ. ರಾತ್ರಿ ಮನೆಗೆ ಬರುವ ಹೊತ್ತಿಗೆ ಅಪ್ಪನಾಗಲು ಅವನಲ್ಲಿ ತ್ರಾಣ ಉಳಿದಿರುತ್ತಿರಲಿಲ್ಲ, ಎಲ್ಲದಕ್ಕೂ "ಹೂಂ" ಎಂದು ಗೋಡೆಗೊರಗಿ ಕಣ್ಣು ಮುಚ್ಚುತ್ತಿದ್ದ.

ಹದಿನಾರನೆಯ ವರ್ಷ ಶಾಲೆಯ ಆಟೋಟಗಳಲ್ಲಿ ಉದ್ದ ಜಿಗಿತಕ್ಕೆ ನನ್ನ ಹೆಸರು ಬಂತು. ಜಿಗಿಯಲು ಕಲಿಸಿದವನು ಅವನೇ, ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲಿಸಿ. ಬರುತ್ತೇನೆ ಎಂದ. ಹಿಂದಿನ ಸಂಜೆ ಶರ್ಟಿಗೆ ಇಸ್ತ್ರಿಯನ್ನೂ ಹಾಕಿಟ್ಟುಕೊಂಡ. ನಾನು ಮೂರು ಸಲ ಜಿಗಿದೆ, ಮೂರು ಸಲವೂ ಓಡುವ ಮೊದಲು ಗೇಟು ನೋಡಿದೆ. ಮೂರನೆಯ ಸಲ ಓಡುತ್ತಲೂ ನೋಡಿದೆ, ಕಾಲು ಗೆರೆ ದಾಟಿತು. ಅಪ್ಪ ಬರಲಿಲ್ಲ.

"ಆಗ್ಲಿಲ್ಲ ಪುಟ್ಟಿ" ಎಂದ ರಾತ್ರಿ. "ಹೊರಡೋ ಹೊತ್ತಿಗೆ ಸರಿಯಾಗಿ ಒಬ್ಬಳು ಅಳ್ತಾ ಬಂದ್ಳು. ಬಿಟ್ಟು ಬರೋ ಹಾಗಿರ್ಲಿಲ್ಲ."

"ಅಳ್ತಾ ಬಂದ್ರೆ ಮಾತ್ರ ಕಾಣಿಸ್ತೀವಾ ನಿಂಗೆ?" ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವನೊಂದಿಗೆ ಮಾತು ಬಿಟ್ಟೆ.

ಮಾತು ಬಿಟ್ಟ ಹನ್ನೊಂದನೆಯ ದಿನ, ಒಂದು ಬುಧವಾರ, ನಗರಸಭೆಯಿಂದ ಸಮೀಕ್ಷೆಯ ಮೇಡಂ ಬಂದರು. ಹೊಸಬರು, ಚಿಕ್ಕ ವಯಸ್ಸು, ಕೈಯಲ್ಲಿ ಅಚ್ಚಾದ ಹಾಳೆಗಳ ಕಟ್ಟು. ಮಕ್ಕಳಿಗೆ ಸಿಗುತ್ತಿರುವ ಚಟುವಟಿಕೆಗಳ ಗುಣಮಟ್ಟ ತಿಳಿಯಬೇಕು, ಬರೆಯುವಾಗ ಸಿಬ್ಬಂದಿ ಒಳಗಿರಬಾರದು ಎಂದರು. ಅಪ್ಪ ಹೊರಗೆ ಹೋಗಿ ಮರಳಿನ ಗುಂಡಿಯ ಪಕ್ಕ ಕೂತ. ಹಾಳೆಯಲ್ಲಿ ಐದು ಪ್ರಶ್ನೆ. ಕೊನೆಯದು: "ಕೇಂದ್ರದ ಸಿಬ್ಬಂದಿಯ ಬಗ್ಗೆ ದೂರುಗಳಿದ್ದರೆ ಬರೆಯಿರಿ. ಹೆಸರು ಬರೆಯುವ ಅಗತ್ಯವಿಲ್ಲ."

ನಲವತ್ತು ಮುಖಗಳು ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ವಾರದ ನಡುವೆ ಶನಿವಾರ ಬಂದಂತಾಗಿತ್ತು ಅವರಿಗೆ. ಅದೂ ಅಚ್ಚಾದ ಹಾಳೆ, ಸರ್ಕಾರಿ ಮೊಹರು. ಇನ್ನು ಕೇಳಬೇಕೆ. ನಾಲ್ಕು ಪ್ರಶ್ನೆಗಳನ್ನು ಹಾರಿಸಿ ಐದನೆಯದಕ್ಕೆ ಬಗ್ಗಿದರು. "ಬಾಗಿಲು ಹಾಕಿಕೊಂಡು ನಮ್ಮನ್ನು ಕೂಡಿಹಾಕಿ ಹಾಡುತ್ತಾರೆ." "ಪ್ರತಿದಿನ ಪ್ರಾಣ ಹಿಂಡುತ್ತಾರೆ." "ಅಳುವ ತನಕ ಓಡಿಸಿ, ಅತ್ತರೆ ಮತ್ತೆ ಓಡಿಸುತ್ತಾರೆ." ಹಲ್ಲಿ ತನ್ನ ಹಳೆಯ ಹಲ್ಲಿಯನ್ನೇ ಮತ್ತೆ ಸಾಯಿಸಿದ, ಈ ಸಲ ಮೂರು ಮರಿಗಳ ಸಮೇತ. ಒಬ್ಬರ ಹಾಳೆ ಒಬ್ಬರು ಇಣುಕಿ ನಗುತ್ತಿದ್ದರು. ಹೊರಗೆ ಕೂತ ಅಪ್ಪನಿಗೆ ನಗು ಕೇಳಿಸುತ್ತಿತ್ತು, ಅವನೂ ಅಲ್ಲಿಂದಲೇ ಹಲ್ಲು ಕಿರಿಯುತ್ತಿದ್ದ. ಕಿಟಕಿಯಿಂದ ಅದು ಕಂಡು ನನಗೆ ಮೈಯೆಲ್ಲ ಉರಿಯಿತು. ನಾನು ಬರೆದೆ: "ಇವರಿಗೆ ಎಲ್ಲರೂ ಕಾಣುತ್ತಾರೆ. ನಾನೊಬ್ಬಳು ಕಾಣುವುದಿಲ್ಲ. ನಾನು ಇಲ್ಲದಿದ್ದರೂ ಇವರಿಗೆ ಗೊತ್ತಾಗುವುದಿಲ್ಲ."

ಎರಡು ವಾರಕ್ಕೆ ವಿಚಾರಣೆಯ ಕಾಗದ ಬಂತು. ಅಪ್ಪ ನಕ್ಕ. ಹತ್ತು ನಿಮಿಷದ ಕೆಲಸ, ಹೇಳಿದರೆ ಅರ್ಥವಾಗುತ್ತದೆ ಎಂದ. ಅಮ್ಮ ನಗಲಿಲ್ಲ. "ನೀನೂ ಜೊತೆಗೆ ಹೋಗೇ" ಎಂದಳು ನನಗೆ. "ಅವರಿಗೆ ಸಿಟ್ಟು ಬರಲ್ಲ, ನಿನಗೆ ಮೂಗಿನ ತುದೀಲೇ ಇರುತ್ತೆ. ಮನೆಯಿಂದ ಒಬ್ಬರಾದ್ರೂ ಸಿಟ್ಟಾಗೋರು ಹೋಗ್ಲಿ." ಹೋದೆ. ಅವನು ಅಲ್ಲಿಯವರೆಗೂ ಏನೇನೋ ಮಾತಾಡುತ್ತ ಬಂದ, ನಾನು ಎರಡು ಹೆಜ್ಜೆ ಹಿಂದೆ ತುಟಿ ಬಿಗಿದುಕೊಂಡು ನಡೆದೆ. ಕೇಂದ್ರ ಉಳಿಯುತ್ತದೆಯೋ ಇಲ್ಲವೋ ಎನ್ನುವುದು ಆ ದಿನ ತೀರ್ಮಾನವಾಗುವುದಿತ್ತು, ಅವನು ಎಷ್ಟೇ ನಕ್ಕರೂ ಅದು ಇಬ್ಬರಿಗೂ ಗೊತ್ತಿತ್ತು.

ಉದ್ದನೆಯ ಮೇಜಿನ ಆ ಬದಿಗೆ ಮೇಡಂ, ಪಕ್ಕದಲ್ಲಿ ಬರೆದುಕೊಳ್ಳಲು ಗುಮಾಸ್ತ. ಈ ಬದಿಗೆ ಅಪ್ಪ. ನಾನು ಗೋಡೆಯ ಬಳಿಯ ಬೆಂಚಿನಲ್ಲಿ, ಯಾರೆಂದು ಯಾರೂ ಕೇಳಲಿಲ್ಲ. ಅಪ್ಪ ಡಬ್ಬದ ಕಥೆ ಮೊದಲಿನಿಂದ ಹೇಳಿದ. ಸಾಕ್ಷಿಗೆಂದು ಡಬ್ಬವನ್ನೂ ತಂದಿದ್ದ. ಮೇಡಂ ಮೇಲಿನ ಕೆಲವು ದೂರು ಗಟ್ಟಿಯಾಗಿ ಓದಿದರು. ಹಲ್ಲಿಯ ಮರಿಗಳ ಹತ್ತಿರ ಬಂದಾಗ ಗುಮಾಸ್ತ ತಡೆಯಲಾರದೆ ಕೆಮ್ಮಿದಂತೆ ಮಾಡಿ ನಕ್ಕ. ಮೇಡಂ ಅವರ ತುಟಿಯೂ ಅಲುಗಿತು. ಕೆಟ್ಟವರಲ್ಲ ಅವರು. ಇಷ್ಟು ವರ್ಷ ಅವರನ್ನು ಬೈಯಲು ಕಾರಣ ಹುಡುಕಿ ಸೋತಿದ್ದೇನೆ.

"ನನಗೆ ಅರ್ಥ ಆಯ್ತು" ಎಂದರು. "ಒಂದು ಸಾಲು ಬರೆದು ಸಹಿ ಮಾಡಿ. ಇವೆಲ್ಲ ತಮಾಷೆಗೆ ಬರೆದದ್ದು, ಇದರಲ್ಲಿ ಒಂದೂ ನಿಜ ಇಲ್ಲ ಅಂತ. ಇಲ್ಲಿಗೇ ಮುಗಿಸೋಣ. ಬೇಕಿದ್ರೆ ಒಂದ್ಸಲ ನೋಡ್ಕೊಂಡು ಬಿಡಿ."

ಕಟ್ಟನ್ನು ಅಪ್ಪನ ಕಡೆಗೆ ಸರಿಸಿದರು. ಅಪ್ಪ ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದ. ಒಂದೊಂದಕ್ಕೂ ಭುಜ ಕುಣಿಸಿ ನಗುತ್ತಿದ್ದ. ಕೊನೆಯ ಹಾಳೆಗೆ ಬಂದಾಗ ನಗು ನಿಂತಿತು.

ನನಗೆ ಅಕ್ಷರ ತಿದ್ದಿಸಿದವನು ಅಪ್ಪನೇ. ನಾನು ಬರೆದ ಒಂದಕ್ಷರ ಸಾಕು ಅವನಿಗೆ ಗುರುತು ಹಿಡಿಯಲು. ಅವನು ತಿರುಗಿ ನನ್ನ ಕಡೆ ನೋಡಲಿಲ್ಲ. ಆ ಹಾಳೆಯನ್ನು ಕಟ್ಟಿನಿಂದ ಬಿಡಿಸಿಕೊಂಡ. ನಾಲ್ಕು ಮಡಿಕೆ ಮಾಡಿದ. ಶರ್ಟಿನ ಜೇಬಿಗೆ ಹಾಕಿಕೊಂಡ.

"ಅದು ಫೈಲಿನದು, ಕೊಡಿ" ಎಂದರು ಮೇಡಂ.

"ಇದನ್ನ ಕೊಡೋಕಾಗಲ್ಲ ಮೇಡಂ. ಮಿಕ್ಕ ನಲವತ್ತೂ ತಮಾಷೆ. ಇದೊಂದು ನಿಜ."

"ಯೋಚನೆ ಮಾಡಿ ಹೇಳ್ತಿದ್ದೀರಾ? ಒಂದು ಮಗೂನ ಕಡೆಗಣಿಸಿದ್ದು ನಿಜ ಅಂತ ನೀವೇ ಒಪ್ಕೊಂಡ್ರೆ, ನಿಮ್ಮನ್ನ ಮಕ್ಕಳ ಕೆಲಸದಲ್ಲಿ ಇಟ್ಕೊಳ್ಳೋಕೆ ನಿಯಮ ಬಿಡಲ್ಲ."

"ನಿಜ ಮೇಡಂ."

"ಬರೆದವರು ಯಾರು ಅಂತ ಗೊತ್ತಾ?"

"ಇಲ್ಲ" ಎಂದ ಅಪ್ಪ. ಅವನ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು ಅದು.

ನಾನು ಆಗ ಏಳಬೇಕಿತ್ತು. ಮೇಡಂ, ಬರೆದದ್ದು ನಾನು, ನಾನಿವರ ಮಗಳು, ಸಿಟ್ಟಿಗೆ ಬರೆದೆ, ಬಿಟ್ಟುಬಿಡಿ ಎನ್ನಬೇಕಿತ್ತು. ಎಷ್ಟು ಮಾತು ಬೇಕಿತ್ತು ಅದಕ್ಕೆ? ಮೂಗಿನ ತುದಿಯಲ್ಲೇ ಸಿಟ್ಟಿದ್ದವಳ ನಾಲಿಗೆ ಆ ದಿನ ಬಿದ್ದುಹೋಗಿತ್ತು. ಬೆಂಚಿನ ಅಂಚು ಹಿಡಿದುಕೊಂಡು ಕೂತೇ ಇದ್ದೆ.

ಬೀಗದ ಕೈ ಒಪ್ಪಿಸುವ ಮೊದಲು ಅಪ್ಪ ಕೇಂದ್ರಕ್ಕೆ ಹೋದ. ಮಧ್ಯಾಹ್ನ, ಒಳಗೆ ಯಾರೂ ಇರಲಿಲ್ಲ. ಕೇರಂ ಬೋರ್ಡುಗಳ ಪೌಡರು ಒರೆಸಿದ, ಗೋಡೆಯ ತೂತುಗಳಿಗೆ ಚಿಂದಿ ತುರುಕಿದ, ಸಿಳ್ಳೆ ತೆಗೆದು ಮೊಳೆಗೆ ನೇತುಹಾಕಿದ. ಆಮೇಲೆ, "ಈ ವಾರದ್ದು ಬಾಕಿ ಇದೆ" ಎಂದು ತನಗೆ ತಾನೇ ಹೇಳಿಕೊಂಡು, ಒಂದು ಕಾಲೆತ್ತಿ ಕುಂಟತೊಡಗಿದ. ಐವತ್ತು ವಯಸ್ಸು, ಮಂಡಿ ನೋವು ಬೇರೆ. ಮಧ್ಯೆ ಎರಡು ಸಲ ಗೋಡೆ ಹಿಡಿದುಕೊಂಡ. ಸುತ್ತು ಪೂರ್ತಿ ಮಾಡಿದ. ನಾನು ಹೊಸ್ತಿಲ ಹೊರಗೇ ನಿಂತಿದ್ದೆ, ಸಾಕು ಬಿಡಪ್ಪ ಎನ್ನಲಿಲ್ಲ.

ಮಕ್ಕಳು ಸುಮ್ಮನಿರಲಿಲ್ಲ. ನಾಲ್ಕು ಹಾಳೆ ತುಂಬ ಅಪ್ಪನನ್ನು ಹೊಗಳಿ ಬರೆದು ನಗರಸಭೆಗೆ ಕೊಟ್ಟು ಬಂದರು. ಹೆಸರು ಹಾಕಿರಲಿಲ್ಲ. ಹಾಕಬಾರದೆಂದೇ ಅಲ್ಲವೇ ಅವರು ಕಲಿತದ್ದು. ಹೆಸರಿಲ್ಲದ ಮನವಿಯನ್ನು ಪರಿಗಣಿಸಲಾಗುವುದಿಲ್ಲ ಎಂದು ಉತ್ತರ ಬಂತು. ಹೆಸರಿಲ್ಲದ ದೂರು ನಡೆಯುತ್ತದೆ, ಹೆಸರಿಲ್ಲದ ಹೊಗಳಿಕೆ ನಡೆಯುವುದಿಲ್ಲ, ಎಂಥ ನ್ಯಾಯವೋ ಕಾಣೆ. ಹೊಸ ಮೇಲ್ವಿಚಾರಕ ಬರುವವರೆಗೆ ಕೇಂದ್ರಕ್ಕೆ ಬೀಗ ಎಂದರು. ಯಾರೂ ಬರಲಿಲ್ಲ. ಈಗ ಅಲ್ಲಿ ನಗರಸಭೆಯ ಮುರಿದ ಕುರ್ಚಿಗಳಿವೆ.

ಅಪ್ಪನನ್ನು ಹಳೆಯ ಕಡತಗಳ ಕೋಣೆಗೆ ಹಾಕಿದರು. ಹತ್ತರಿಂದ ಐದು. ಐದೂವರೆಗೆ ಮನೆ. "ಪುಟ್ಟಿ, ಬಂದೆ" ಎಂದು ಬಾಗಿಲಲ್ಲಿ ಕೂಗಿ, ಕಾಲು ತೊಳೆದುಕೊಂಡು, ನನ್ನ ಎದುರು ಬಂದು ಕೂರುತ್ತಿದ್ದ. ಇವತ್ತು ಏನು ಓದಿದೆ, ಯಾರ ಜೊತೆ ಜಗಳ ಆಡಿದೆ, ಕಾಲಿಗೆ ಏನು ಗಾಯ. ಒಂದು ಕೇರಂ ಬೋರ್ಡು ಕೊಂಡುತಂದ. ಮೊದಲ ದಿನವೇ ನನ್ನ ಕೈಗೆ ಸ್ಟ್ರೈಕರ್ ಕೊಟ್ಟು, "ನೀನೇ ಮೊದಲು" ಎಂದ. ಮುಂದಿನ ವರ್ಷ ಆಟೋಟದ ದಿನ ಎಲ್ಲರಿಗಿಂತ ಮೊದಲು ಗೇಟಿನ ಬಳಿ ನಿಂತಿದ್ದವನೂ ಅವನೇ. ನಾನು ಜಿಗಿಯುವುದನ್ನೇ ಬಿಟ್ಟಿದ್ದೆ, ಅದನ್ನು ಅವನಿಗೆ ಹೇಳಿರಲಿಲ್ಲ. ನನ್ನ ಚೀಟಿಗೆ ಅವನು ಕೊಡುತ್ತಿದ್ದ ಉತ್ತರ ಇದು ಎಂದು ನನಗೆ ಹೊಳೆದದ್ದು ಆ ಗೇಟಿನ ಬಳಿ ಅವನನ್ನು ಕಂಡಾಗ. ಕೆಲಸ ಕಳೆದುಕೊಂಡು ಮನೆಗೆ ಬಂದವನಲ್ಲ ಅವನು. ನಾನು ಕರೆದೆ ಎಂದು ಬಂದವನು.

ಬೀದಿಯಲ್ಲಿ ಹಳೆಯ ಮಕ್ಕಳು ಎದುರಾದರೆ ತಲೆ ತಗ್ಗಿಸಿ ಪಕ್ಕದ ಓಣಿಗೆ ತಿರುಗುತ್ತಿದ್ದರು. ಅವರಿಗೆ ನಾಚಿಕೆ. ಅಪ್ಪನಿಗೆ ಅದು ತಿಳಿಯುತ್ತಿರಲಿಲ್ಲ. "ನನ್ನ ಮೇಲೆ ಸಿಟ್ಟಾಗಿದ್ದಾರೆ ಕಣೇ, ಬಿಟ್ಟು ಬಂದೆ ಅಂತ" ಎನ್ನುತ್ತಿದ್ದ. ಒಂಬತ್ತು ವರ್ಷ ಹೀಗೇ ಹೋಯಿತು. ಒಂದು ದಿನವೂ ಐದೂವರೆ ಮೀರಲಿಲ್ಲ. ಆ ಒಂಬತ್ತು ವರ್ಷದಲ್ಲಿ ಒಂದು ಸಂಜೆಯಾದರೂ, ಅಪ್ಪ, ಆ ಚೀಟಿ ನನ್ನದು, ತಪ್ಪಾಯಿತು ಎಂದು ನಾನು ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತ ಕೇರಂ ಕಾಯಿ ಹೊಡೆಯುತ್ತಿದ್ದೆ.

ಒಂದು ಮಧ್ಯಾಹ್ನ ಕಡತದ ಕಪಾಟಿನ ಏಣಿಯ ಮೇಲೆಯೇ ಅಪ್ಪನ ಎದೆಬಡಿತ ನಿಂತಿತು.

ಹಳೆಯ ಮಕ್ಕಳೆಲ್ಲ ಬಂದರು. ಮನೆಯೊಳಗೆ ಬರಲಿಲ್ಲ, ರಸ್ತೆಯಲ್ಲೇ ಗುಂಪಾಗಿ ನಿಂತರು. ಹಲ್ಲಿ ಈಗ ಬಸ್ಸಿನ ಡ್ರೈವರು, ಗಡ್ಡ ಮೀಸೆ ಬಂದಿದೆ. ನನ್ನನ್ನು ಬದಿಗೆ ಕರೆದು, "ಅಕ್ಕ, ನಿಮಗೊಂದು ಮಾತು ಹೇಳ್ಬೇಕು" ಎಂದ. "ಮಾಮನ ಕೆಲಸ ಹೋಗಿದ್ದು ನನ್ನಿಂದ. ಆ ಹಲ್ಲಿ ಮರಿಗಳ ಚೀಟಿ ನಂದೇ. ಇಷ್ಟು ವರ್ಷ ನುಂಗೋಕೂ ಆಗ್ಲಿಲ್ಲ, ಉಗುಳೋಕೂ ಆಗ್ಲಿಲ್ಲ." ಅವನ ಹಿಂದೆ ನಿಂತಿದ್ದವಳು, ಎರಡು ಮಕ್ಕಳ ತಾಯಿ, "ನೀನಲ್ಲ ಕಣೋ, ಕೂಡಿಹಾಕ್ತಾರೆ ಅಂತ ಬರೆದಿದ್ದು ನಾನು. ಅದಕ್ಕೇ ತೆಗೆದಿದ್ದು" ಎಂದಳು. ಮತ್ತೊಬ್ಬ, ಅಳುವ ತನಕ ಓಡಿಸುತ್ತಾರೆ ಎಂದು ತಾನು ಬರೆದದ್ದನ್ನು ಹೇಳಿದ. ನಲವತ್ತು ಜನ, ಒಬ್ಬೊಬ್ಬರೂ ಮಾಮನ ಕೆಲಸ ಕಳೆದದ್ದು ತಾನೇ ಎಂದುಕೊಂಡು ಒಂಬತ್ತು ವರ್ಷ ಬದುಕಿದ್ದರು. "ನಿಮ್ಮದಲ್ಲ, ನಿಮ್ಮ ಯಾರದೂ ಅಲ್ಲ" ಎಂದೆ. "ಮತ್ತೆ ಯಾರದು ಅಕ್ಕ?" ಎಂದು ಹಲ್ಲಿ ಕೇಳಿದ. ಒಳಗೆ ಯಾರೋ ಕರೆದರು ಎಂದು ನೆಪ ಹೇಳಿ ಹೊರಟುಬಂದೆ.

ಅದಕ್ಕೇ ಇದನ್ನು ಬರೆದದ್ದು. ಹಲ್ಲಿ, ಇದನ್ನು ನೀನು ಉಳಿದವರಿಗೂ ಓದಿ ಹೇಳು. ನಿಮ್ಮ ನಲವತ್ತು ಚೀಟಿಗೂ ಅಪ್ಪ ಆ ಮೇಜಿನ ಮುಂದೆ ನಕ್ಕಿದ್ದ, ಭುಜ ಕುಣಿಸಿ ನಕ್ಕಿದ್ದ, ನಾನು ನೋಡಿದ್ದೇನೆ. ಮಡಿಸಿ ಜೇಬಿಗೆ ಹಾಕಿಕೊಂಡದ್ದು ಒಂದನ್ನೇ. ನಮ್ಮ ಡಬ್ಬಕ್ಕೆ ಯಾರೂ ಹೆಸರು ಹಾಕಿ ಬರೆದದ್ದಿಲ್ಲ, ಈ ಒಂದು ಚೀಟಿಗೆ ಹಾಕುತ್ತಿದ್ದೇನೆ. ಹೊಸ್ತಿಲ ಒಳಗೆ ಆ ಹೆಸರು ಹೇಳಬಾರದೆಂದು ಅವನು ನನ್ನಿಂದ ಮಾತು ತೆಗೆದುಕೊಂಡಿದ್ದ. ಈಗ ಹೊಸ್ತಿಲೂ ಇಲ್ಲ, ಅವನೂ ಇಲ್ಲ.

ಇಂತಿ,
ಸಿಳ್ಳೆ ಮಾಮನ ಮಗಳು